ಕಾವಲಿನಂಚಿನಲ್ಲಿ ಮಾಧ್ಯಮದ ಪಾಠ

ಚಳ್ಳಕೆರೆ ತಾಲ್ಲೂಕಿನ ಆಚೆಗೆ ಉಳ್ಳಾರ್ತಿ ಕಾವಲ್ ಎಂಬ ಹೆಸರನ್ನು ಕೇಳಿದ್ದವರು 2010ಕ್ಕೆ ಮೊದಲು ಬಹಳ ಜನರಿರಲಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲುಗಳಲ್ಲಿ ಅದೂ ಒಂದು. ಸುತ್ತಲಿನ ಹಟ್ಟಿಗಳವರು ಕುರಿ, ಮೇಕೆ, ದನ ಮೇಯಿಸುತ್ತಿದ್ದ ನೆಲ. ಆ ಹೊತ್ತಿಗೆ ತಾಲ್ಲೂಕಿನ ಇಂಥ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ಕೊಡಲಾಯಿತು. ಉಳ್ಳಾರ್ತಿ ಕಾವಲಿನಲ್ಲಿ ಜಾಗ ಪಡೆದದ್ದು ಮುಖ್ಯವಾಗಿ ಅಣು ಸಂಶೋಧನಾ ಕೇಂದ್ರ. ಬೇಲಿ ಎದ್ದಿತು, ಹಟ್ಟಿಯವರ ಪ್ರತಿಭಟನೆ ನಡೆಯಿತು, ವಿಷಯ ಚೆನ್ನೈನ ಹಸಿರು ನ್ಯಾಯಪೀಠದವರೆಗೂ ಹೋಯಿತು. ಉಳ್ಳಾರ್ತಿ ಪತ್ರಿಕೆಗಳಿಗೆ ಬಂದದ್ದು ಆಗ.

ಹಾಗೆ ಬಂದಾಗ ಅದೇ ನೆಲಕ್ಕೆ ಎಷ್ಟೊಂದು ಹೆಸರು! ಕಂದಾಯದ ಕಾಗದದಲ್ಲಿ ಅದು 'ಕಾವಲ್'. ಊರವರ ಬಾಯಲ್ಲಿ 'ಗೋಮಾಳ'. ಯೋಜನೆಯನ್ನು ಸ್ವಾಗತಿಸಿದವರಿಗೆ 'ಬಂಜರು', 'ಪಾಳು ಭೂಮಿ'. ಮುಂದೆ 'ವಿಜ್ಞಾನ ನಗರಿ'. ಪರಿಸರವಾದಿಗಳಿಗೆ ಕೃಷ್ಣಮೃಗದ 'ಹುಲ್ಲುಗಾವಲು'. ಈ ಯಾವ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಶೀರ್ಷಿಕೆಯಲ್ಲಿ 'ಬಂಜರು' ಎಂದು ಬರೆದೊಡನೆ ಕುರಿ ಮೇಯಿಸುವವನು ಚಿತ್ರದಿಂದ ಮಾಯವಾಗುತ್ತಾನೆ. ಏನೂ ಬೆಳೆಯದ ಕಡೆ ಯಾರಿಗೇನು ಕೆಲಸ? 'ಹುಲ್ಲುಗಾವಲು' ಎಂದರೆ ಅವನು ಮತ್ತೆ ಕಾಣುತ್ತಾನೆ. ಸುದ್ದಿಯನ್ನು ಓದಿ ಮುಗಿಸುವ ಮೊದಲೇ, ಬರೀ ಒಂದು ಪದದಲ್ಲಿ ಅರ್ಧ ತೀರ್ಪು ಆಗಿಹೋಗಿರುತ್ತದೆ.

ಮಾಧ್ಯಮ ಅಧ್ಯಯನ ಎಂದು ಇಂದು ಕಾಲೇಜುಗಳಲ್ಲಿ ಕರೆಯುವ ವಿಷಯದ ಮೊದಲ ಪಾಠ ಇದೇ. ಪತ್ರಿಕೆ, ಆಕಾಶವಾಣಿ, ಸಿನಿಮಾ, ಟಿ.ವಿ. ಇವು ಲೋಕವನ್ನು ಕನ್ನಡಿಯಂತೆ ತೋರಿಸುತ್ತವೆ ಎಂದು ನಾವು ನಂಬಿರುತ್ತೇವೆ. ಕನ್ನಡಿ ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ. ಪತ್ರಿಕೆಯ ಪುಟಕ್ಕೆ ಅಳತೆಯಿದೆ, ಕ್ಯಾಮೆರಾಕ್ಕೆ ಚೌಕಟ್ಟಿದೆ. ಯಾರೋ ಒಬ್ಬರು ಆರಿಸುತ್ತಾರೆ, ಬಿಡುತ್ತಾರೆ, ಜೋಡಿಸುತ್ತಾರೆ, ಹೆಸರಿಡುತ್ತಾರೆ. ಇಂಗ್ಲೆಂಡಿನ ಶಾಲೆಗಳಲ್ಲಿ ಮಾಧ್ಯಮವನ್ನು ಕಲಿಸುವುದು ಹೇಗೆಂದು 1985ರಲ್ಲಿ ಪುಸ್ತಕ ಬರೆದ ಲೆನ್ ಮಾಸ್ಟರ್‌ಮನ್ ಇಡೀ ಶಾಸ್ತ್ರವನ್ನು ಈ ಒಂದು ಗೂಟಕ್ಕೆ ಕಟ್ಟಿದರು. ಮಾಧ್ಯಮ ಲೋಕವನ್ನು ಪ್ರತಿಬಿಂಬಿಸುವುದಿಲ್ಲ, ಮತ್ತೆ ಕಟ್ಟಿ ನಮ್ಮ ಮುಂದಿಡುತ್ತದೆ. ಕಟ್ಟಿದವರು ಯಾರು, ಯಾರಿಗಾಗಿ, ಏನನ್ನು ಬಿಟ್ಟು ಎಂದು ಕೇಳಲು ಕಲಿಸುವುದೇ ಮೇಷ್ಟರ ಕೆಲಸ ಎಂಬುದು ಅವರ ವಾದದ ತಿರುಳು.

ನಮ್ಮಲ್ಲಿ ಈ ವಿಷಯ ಕಾಲೇಜಿಗೆ ಬಂದದ್ದು ಬೇರೆ ಬಾಗಿಲಿನಿಂದ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮವನ್ನು ಪದವಿಯ ಒಂದು ವಿಷಯವಾಗಿ ಆರಂಭಿಸಿದರು. ಅಲ್ಲಿ ಕಲಿಸಿದ್ದು ಕಸುಬು: ವರದಿ ಬರೆಯುವುದು, ತಿದ್ದುವುದು, ಶೀರ್ಷಿಕೆ ಕೊಡುವುದು, ಪುಟ ಕಟ್ಟುವುದು. ಎಪ್ಪತ್ತರ ದಶಕದಲ್ಲಿ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಬಂತು. 'ಪತ್ರಿಕೋದ್ಯಮ'ದ ಪಕ್ಕಕ್ಕೆ 'ಸಮೂಹ ಸಂವಹನ' ಎಂಬ ಭಾರವಾದ ಮಾತು ಬಂದು ಕುಳಿತಿತು. ಪತ್ರಿಕೆ ಮಾಡುವುದನ್ನು ಕಲಿಸುವುದು ಒಂದು, ಪತ್ರಿಕೆಯನ್ನು ಓದುವುದನ್ನು ಕಲಿಸುವುದು ಇನ್ನೊಂದು. ಎರಡನೆಯದು ನಮ್ಮ ತರಗತಿಗಳಲ್ಲಿ ಇಂದಿಗೂ ಮೊದಲನೆಯದರ ಹಿತ್ತಲಿನಲ್ಲಿಯೇ ಇದೆ. ಕಲಿಸುವಾಗಲೂ ಉದಾಹರಣೆಗಳೆಲ್ಲ ಹಾಲಿವುಡ್ಡಿನವು, ಅಮೆರಿಕದ ಸೋಪಿನ ಜಾಹೀರಾತಿನವು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು 2009ರಿಂದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಬರುವ ವಿದ್ಯಾರ್ಥಿಗೆ ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧವನ್ನು ಹಿಚ್‌ಕಾಕನ ಸಿನಿಮಾದ ಮೂಲಕ ತಿಳಿಸಹೊರಟರೆ ಎರಡು ಕಷ್ಟ: ಪ್ರಬಂಧವೂ ಗೊತ್ತಿಲ್ಲ, ಸಿನಿಮಾವೂ ನೋಡಿಲ್ಲ. ಆದರೆ ಅದೇ ವಿದ್ಯಾರ್ಥಿ 'ನಾಗರಹಾವು' ಸಿನಿಮಾವನ್ನು ಟಿ.ವಿ.ಯಲ್ಲಿ ನಾಲ್ಕಾರು ಸಲವಾದರೂ ನೋಡಿರುತ್ತಾನೆ.

ಮಲ್ವಿ ಹೇಳಿದ್ದು ಕಷ್ಟದ ಸಂಗತಿಯೇನಲ್ಲ. ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಕತೆಯನ್ನು ಮುಂದಕ್ಕೆ ನಡೆಸುವವನು ಅವನು, ಅವಳು ಬಂದಾಗ ಕತೆ ನಿಂತು ನಮ್ಮ ಕಣ್ಣು ಅವಳ ಮೇಲೆ ಹರಿಯುತ್ತದೆ. ಕ್ಯಾಮೆರಾ, ನಾಯಕ, ಪ್ರೇಕ್ಷಕ ಮೂವರೂ ಒಂದೇ ಕಡೆ ನಿಂತು ಅವಳನ್ನು ನೋಡುತ್ತಾರೆ. ಹೀಗಾದರೆ ಟಾಕೀಸಿನಲ್ಲಿ ಕುಳಿತ ಹೆಂಗಸು ಯಾವ ಕಡೆ ನಿಲ್ಲಬೇಕು? ಈ ಪ್ರಶ್ನೆಯನ್ನು ಚಿತ್ರದುರ್ಗದ ಕೋಟೆಯೊಳಗೆ ಒಯ್ದು ನೋಡಬಹುದು.

ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು. ತಳುಕು ಚಳ್ಳಕೆರೆ ತಾಲ್ಲೂಕಿನ ಊರು. ಅವರ 'ನಾಗರಹಾವು', 'ಎರಡು ಹೆಣ್ಣು ಒಂದು ಗಂಡು', 'ಸರ್ಪಮತ್ಸರ' ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಸಿನಿಮಾ ಮಾಡಿದರು. ವಿಷ್ಣುವರ್ಧನ್ ರಾಮಾಚಾರಿ, ಅಶ್ವತ್ಥ್ ಚಾಮಯ್ಯ ಮೇಷ್ಟ್ರು, ಆರತಿ ಅಲಮೇಲು, ಶುಭಾ ಮಾರ್ಗರೆಟ್. ಕಾದಂಬರಿಕಾರರಿಗೆ ಸಿನಿಮಾ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ನಿರ್ದೇಶಕರು ಕೇರೆಹಾವು ಮಾಡಿದರೆಂದು ಅವರು ಅಂದರೆಂಬುದು ಇಂದಿಗೂ ಜನ ಹೇಳುವ ಮಾತು. ಒಂದು ಮಾಧ್ಯಮದ ಕತೆ ಇನ್ನೊಂದು ಮಾಧ್ಯಮಕ್ಕೆ ಹೋದಾಗ ಏನು ಕಳೆಯುತ್ತದೆ, ಏನು ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೆ ಹೆಣ್ಣಿನ ಚಿತ್ರಣದ ಪಾಠ ಸಿನಿಮಾದೊಳಗೇ ಇದೆ. ರಾಮಾಚಾರಿಯೂ ಅಲಮೇಲುವೂ ಪ್ರೀತಿಸುತ್ತಾರೆ. ಜಾತಿ ಪಂಗಡದ ಭೇದ ಅಡ್ಡ ಬರುತ್ತದೆ. ಆಗ ಚಾಮಯ್ಯ ಮೇಷ್ಟ್ರು ಬುದ್ಧಿ ಹೇಳುವುದು ಯಾರಿಗೆ? ರಾಮಾಚಾರಿಗೆ. ಪ್ರೀತಿಯನ್ನು ತ್ಯಾಗ ಮಾಡು ಎಂದು ಗುರು ಶಿಷ್ಯನನ್ನು ಕೇಳುತ್ತಾನೆ, ಶಿಷ್ಯ ಸಂಕಟಪಟ್ಟು ಒಪ್ಪುತ್ತಾನೆ. ಪ್ರೇಕ್ಷಕರು ಆ ತ್ಯಾಗಕ್ಕೆ ಕಣ್ಣೀರಿಟ್ಟರು, ಇಂದಿಗೂ ಇಡುತ್ತಾರೆ. ತ್ಯಾಗವಾದ ವಸ್ತುವಾದರೂ ಯಾವುದು? ಅಲಮೇಲು. ಅವಳಿಗೆ ಬೇರೆ ಕಡೆ ಮದುವೆಯಾಗುತ್ತದೆ; ಮುಂದೆ ರಾಮಾಚಾರಿಗೆ ಅವಳು ಕಾಣುವುದು ಮೈ ಮಾರುವ ಸ್ಥಿತಿಯಲ್ಲಿ. ಅವಳ ಬಾಳು ಹಾಳಾದ ಸಂಗತಿ ಕತೆಯಲ್ಲಿ ಅವಳ ದುರಂತವಾಗುವುದಕ್ಕಿಂತ ಹೆಚ್ಚಾಗಿ ಗುರುವಿನ ಮಾತನ್ನು ಕುರಿತು ಶಿಷ್ಯನಿಗೆ ಬಂದ ಸಂಶಯವಾಗುತ್ತದೆ. ಮಾರ್ಗರೆಟ್ ದಿಟ್ಟೆ, ಆದರೆ ಆ ದಿಟ್ಟತನವೂ ನಾಯಕ ಪಳಗಿಸಬೇಕಾದ ಒಂದು ಸವಾಲಿನಂತೆಯೇ ತೆರೆಯ ಮೇಲೆ ಮೂಡುತ್ತದೆ. 'ಎರಡು ಹೆಣ್ಣು ಒಂದು ಗಂಡು' ಎಂಬ ಕಾದಂಬರಿಯ ಹೆಸರಿನಲ್ಲಿ ಹೆಣ್ಣೇ ಮೊದಲು. ಸಿನಿಮಾಕ್ಕೆ ಉಳಿದದ್ದು ಹಾವಿನ ಹೆಸರು, ಆ ಹಾವು ಗಂಡು.

ಅದೇ ಸಿನಿಮಾದಲ್ಲಿ ಒನಕೆ ಓಬವ್ವನೂ ಬರುತ್ತಾಳೆ. ಜಯಂತಿಯವರು ಕೆಲವೇ ನಿಮಿಷ ಓಬವ್ವನಾಗಿ ಕಾಣಿಸಿಕೊಂಡರು, ಆ ಹಾಡು ನಾಡಿನ ಮೂಲೆ ಮೂಲೆಯ ಶಾಲಾ ವಾರ್ಷಿಕೋತ್ಸವಗಳ ವೇದಿಕೆ ಹತ್ತಿತು. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ನುಸುಳಿ ಬರುವಾಗ ಕಾವಲುಗಾರನ ಹೆಂಡತಿ ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದು ಕೆಡವಿದ ಐತಿಹ್ಯ ಅದು. ಐತಿಹ್ಯ ಒಂದು ಸಣ್ಣ ವಿವರವನ್ನು ಜೋಪಾನವಾಗಿ ಉಳಿಸಿಕೊಂಡಿದೆ: ಗಂಡ ಊಟಕ್ಕೆ ಕುಳಿತಿದ್ದ, ಉಣ್ಣುವವನನ್ನು ಎಬ್ಬಿಸಬಾರದೆಂದು ಅವಳೇ ನಿಂತಳು. ಅಂದರೆ ಕೋಟೆಯನ್ನು ಉಳಿಸಿದ ವೀರಳನ್ನೂ ಜನರ ನೆನಪು ಒಳ್ಳೆಯ ಹೆಂಡತಿಯ ಚೌಕಟ್ಟಿನಿಂದ ಹೊರಗೆ ಬಿಟ್ಟಿಲ್ಲ. ಆಯುಧವೂ ಅಡುಗೆಮನೆಯದೇ. ಅವಳು ಯಾವ ಸಮುದಾಯದವಳು ಎಂಬುದು ಬಹಳ ಕಾಲ ಯಾರ ಬಾಯಲ್ಲೂ ಬರಲಿಲ್ಲ. ಅವಳು ನಮ್ಮವಳು ಎಂದು ಛಲವಾದಿ ಸಮುದಾಯ ಗಟ್ಟಿಯಾಗಿ ಹೇಳಿಕೊಂಡದ್ದು ಈಚೆಗೆ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ.

ತರಗತಿಯಲ್ಲಿ ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಬೇಕು. ಇನ್ನೂರು ವರ್ಷದ ಹಿಂದಿನ ಹೆಣ್ಣಿಗೆ ಒನಕೆ ಎತ್ತುವ ಸ್ವಾತಂತ್ರ್ಯವಿದೆ, ನಾವು ಚಪ್ಪಾಳೆ ತಟ್ಟುತ್ತೇವೆ. 1972ರ ಅಲಮೇಲುವಿಗೆ ಮದುವೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ, ನಾವು ಕರವಸ್ತ್ರ ಹುಡುಕುತ್ತೇವೆ. ಗತಕಾಲದ ಹೆಣ್ಣನ್ನು ಹೊಗಳುವುದು ಅಗ್ಗದ ಕೆಲಸ. ಹೀಗೆಂದಾಕ್ಷಣ ಪುಟ್ಟಣ್ಣನವರನ್ನು ಸ್ತ್ರೀವಿರೋಧಿ ಎಂದು ಬದಿಗೆ ಸರಿಸಿದರೆ ಪಾಠ ಕೆಟ್ಟಿತೆಂದೇ ಲೆಕ್ಕ. 'ಗೆಜ್ಜೆಪೂಜೆ', 'ಶರಪಂಜರ'ಗಳಲ್ಲಿ ಕನ್ನಡ ಸಿನಿಮಾದ ಮಧ್ಯಕ್ಕೆ ಹೆಣ್ಣಿನ ಮನಸ್ಸನ್ನು ತಂದು ನಿಲ್ಲಿಸಿದವರೂ ಅವರೇ. ಮೊದಲನೆಯದು ಎಂ.ಕೆ. ಇಂದಿರಾ ಅವರ ಕಾದಂಬರಿ, ಎರಡನೆಯದು ತ್ರಿವೇಣಿಯವರದು. ಲೇಖಕಿಯ ಕಾದಂಬರಿಯನ್ನು ಓದಿ ಮನಸ್ಸಿಗೆ ಹಚ್ಚಿಕೊಂಡಿದ್ದ ಓದುಗಿಯರ ಒಂದು ದೊಡ್ಡ ಸಮೂಹ ಊರೂರಿನ ಗ್ರಂಥಾಲಯಗಳ ಸುತ್ತ ಆಗಲೇ ಬೆಳೆದಿತ್ತು. ಅವರು ಟಾಕೀಸಿಗೂ ಬಂದರು. ಮಧ್ಯಮ ವರ್ಗದ ಹೆಂಗಸರನ್ನು ನೆಚ್ಚಿ ಸಿನಿಮಾ ಮಾಡಬಹುದೆಂದು ನಿರ್ಮಾಪಕರಿಗೆ ಧೈರ್ಯ ಬಂದದ್ದರಲ್ಲಿ ಈ ಓದುಗಿಯರ ಪಾಲಿದೆ. ಪ್ರೇಕ್ಷಕರು ಬದಲಾದಾಗ ಕತೆಯೂ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಓದುಗಿಯರ ಈ ಸಮೂಹ ಆಕಾಶದಿಂದ ಇಳಿದದ್ದಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಆರಂಭಿಸಿ, ಮುಂದೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನು ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ 'ಸರಸ್ವತಿ' 42 ವರ್ಷ ನಡೆಯಿತು. ಪತ್ರಿಕೆಯ ಹೆಸರುಗಳನ್ನೇ ನೋಡಿ, ಎಲ್ಲವೂ ಸತಿ, ನಂದಿನಿ, ಸರಸ್ವತಿ. ಮನೆಯ ಯಜಮಾನ ಹೊಸ್ತಿಲಲ್ಲಿ ತಡೆಯದಂಥ ಹೆಸರುಗಳು. ಒಳಗೆ ಹೋದ ಮೇಲೆ ಅವು ಏನು ಓದಿಸಿದವು ಎಂಬುದು ಬೇರೆ.

ಸಿನಿಮಾದ ಹೆಣ್ಣನ್ನು ಕುರಿತು ಮಾತಾಡುವುದು ಸುಲಭ, ಅವಳು ಎದ್ದು ಕಾಣುತ್ತಾಳೆ. ಕಾಣದವಳ ಪಾಠ ಇನ್ನೂ ಕಷ್ಟ. ಮೊಳಕಾಲ್ಮುರು ಸೀರೆಯನ್ನು ಕುರಿತ ಲೇಖನ, ಜಾಹೀರಾತು, ಟಿ.ವಿ. ಕಾರ್ಯಕ್ರಮ ಯಾವುದನ್ನಾದರೂ ತೆಗೆದುಕೊಂಡು ನೋಡಿದರೆ ಸಾಮಾನ್ಯವಾಗಿ ಎರಡು ಚಿತ್ರ ಇರುತ್ತದೆ: ಗುಂಡಿ ಮಗ್ಗದಲ್ಲಿ ಕುಳಿತ ಗಂಡಸು, ಸೀರೆ ಉಟ್ಟು ನಗುವ ಹೆಂಗಸು. ಅವನು ನೇಯುವವನು, ಅವಳು ಉಡುವವಳು. ನೂಲು ಸುತ್ತುವ, ಕಂಡಿಕೆ ಮಾಡುವ, ಎಳೆ ಸೇರಿಸುವ ಕೆಲಸ ಮನೆಯ ಹೆಂಗಸರದು. ಮಗ್ಗ ಆಡುವುದಕ್ಕೆ ಮೊದಲು ದಿನಗಟ್ಟಲೆ ನಡೆಯುವ ಕೆಲಸ. ಅದನ್ನು ಚೌಕಟ್ಟಿನಲ್ಲಿ ಹಿಡಿದವರು ಕಡಿಮೆ. ಚಳ್ಳಕೆರೆಯ ಕಂಬಳಿಯಲ್ಲೂ ಹೀಗೆಯೇ. ಉಣ್ಣೆ ಬಿಡಿಸಿ ನೂಲುವವಳು ಹೆಂಗಸು. ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚುವ ಕೆಲಸದಲ್ಲೂ ಅವಳ ಕೈಯಿದೆ. 'ನೇಕಾರ' ಎಂಬ ಹೆಸರು ಮಾತ್ರ ಮಗ್ಗದಲ್ಲಿ ಕುಳಿತವನದು. ಕಾವಲಿನ ಜಗಳದ ವರದಿಗಳಿಗೂ ಇದೇ ಪ್ರಶ್ನೆ ಹಾಕಬಹುದು. 'ಕುರಿಗಾಹಿ' ಎಂದೊಡನೆ ಕಣ್ಣಿಗೆ ಬರುವುದು ಹೆಗಲ ಮೇಲೆ ಕಂಬಳಿ ಹೊದ್ದ ಗಂಡಸು. ಕಾವಲಿನ ಹುಲ್ಲು, ಸೌದೆ, ಕಸಬರಿಗೆ ಕಡ್ಡಿ ಇವುಗಳ ಲೆಕ್ಕ ಗೊತ್ತಿರುವುದು ಅವನ ಹೆಂಡತಿಗೆ.

ಇಂಥದನ್ನು ಎಣಿಸಿ ನೋಡುವ ಒಂದು ಅಂತರರಾಷ್ಟ್ರೀಯ ಪ್ರಯತ್ನ 1995ರಿಂದ ಐದು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಗೊತ್ತುಮಾಡಿದ ಒಂದು ದಿನ ಹಲವಾರು ದೇಶಗಳ ಪತ್ರಿಕೆ, ರೇಡಿಯೊ, ಟಿ.ವಿ. ಸುದ್ದಿಗಳನ್ನು ಗುಡ್ಡೆಹಾಕಿ, ಸುದ್ದಿಯಲ್ಲಿ ಬಂದವರಲ್ಲಿ, ಮಾತಾಡಿದವರಲ್ಲಿ ಹೆಂಗಸರೆಷ್ಟು ಎಂದು ಎಣಿಸುತ್ತಾರೆ. 1995ರಲ್ಲಿ ನೂರಕ್ಕೆ 17, 2020ರಲ್ಲಿ ನೂರಕ್ಕೆ 25. ಕಾಲು ಶತಮಾನಕ್ಕೆ ಎಂಟು ಹೆಜ್ಜೆ. ಈ ಎಣಿಕೆಗೆ ಯಾವ ಯಂತ್ರವೂ ಬೇಡ. ಒಂದು ವಾರದ ಪತ್ರಿಕೆಯ ಜಿಲ್ಲಾ ಪುಟ, ಕೆಂಪು ಮತ್ತು ನೀಲಿ ಪೆನ್ನು ಇದ್ದರೆ ಯಾವ ಕಾಲೇಜಿನಲ್ಲೂ ಮಾಡಬಹುದು. ಹೆಂಗಸರ ಹೆಸರಿಗೆ ಕೆಂಪು ಗೆರೆ, ಗಂಡಸರ ಹೆಸರಿಗೆ ನೀಲಿ. ಆಮೇಲೆ, ಕೆಂಪು ಗೆರೆ ಎಳೆಸಿಕೊಂಡವಳು ಯಾವ ಕಾರಣಕ್ಕೆ ಸುದ್ದಿಯಾದಳು ಎಂದು ಅಂಚಿನಲ್ಲಿ ಬರೆಯಬೇಕು: ಸತ್ತದ್ದಕ್ಕೆ, ಅಳುತ್ತಿದ್ದದ್ದಕ್ಕೆ, ಬಹುಮಾನ ಪಡೆದದ್ದಕ್ಕೆ, ಇಲ್ಲವೆ ಏನನ್ನಾದರೂ ಬಲ್ಲವಳೆಂದು ಅಭಿಪ್ರಾಯ ಕೇಳಿದ್ದಕ್ಕೆ. ಕೊನೆಯ ಕಾರಣಕ್ಕೆ ಅಂಚಿನಲ್ಲಿ ಎಷ್ಟು ಜಾಗ ಬೇಕಾಗುತ್ತದೆಂದು ಎಣಿಸಿದವರಿಗೇ ತಿಳಿಯುತ್ತದೆ.

ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಚಿತ್ರ ನೇರವಾಗುವುದೂ ಇಲ್ಲ. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳ ಹೆಂಗಸರು ಪತ್ರಿಕೆಗಳಿಗೆ ಹೊಸಬರಲ್ಲ. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿಯ ಬಗ್ಗೆ ಮತ್ತೆ ಮತ್ತೆ ವರದಿ ಬಂದಿದೆ. ಬರಬೇಕಾದದ್ದೇ; ಮೌಢ್ಯ ನಿಷೇಧಕ್ಕೆಂದು 2017ರಲ್ಲಿ ರಾಜ್ಯ ಮಾಡಿದ ಕಾನೂನಿನೊಳಗೆ ಇಂಥ ಪ್ರತ್ಯೇಕಿಸುವಿಕೆಯೂ ಸೇರಿದ್ದಕ್ಕೆ ಈ ಬರಹಗಳ ಒತ್ತಾಯವೂ ಒಂದು ಬಲ. ಆದರೆ ಗುಡಿಸಿಲ ಮುಂದೆ ಮಗುವನ್ನಪ್ಪಿ ಕುಳಿತ ಹೆಂಗಸಿನ ಭಾವಚಿತ್ರವೊಂದೇ ಹಟ್ಟಿಯ ಹೆಣ್ಣಿನ ಚಿತ್ರವಾಗಿ ಉಳಿದರೆ? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯೂ ಅದೇ ಸಮುದಾಯದವಳು. ಅಕ್ಷರ ಬಾರದ ಆಕೆಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಆಕೆಯ ಬಗ್ಗೆ ಬರೆದಾಗಲೂ ನಮ್ಮ ವಾಕ್ಯ 'ಅನಕ್ಷರಸ್ಥೆಯಾದರೂ' ಎಂದೇ ಶುರುವಾಗುತ್ತದೆ. ಆ 'ಆದರೂ' ಎಂಬ ಮೂರಕ್ಷರದಲ್ಲಿ ಬರೆಯುವವನು ಎಲ್ಲಿ ಕುಳಿತಿದ್ದಾನೆಂಬುದು ತಿಳಿಯುತ್ತದೆ. ಅಕ್ಷರ ಕಲಿತಿದ್ದರೆ ಅಷ್ಟು ಪದ ನೆನಪಿನಲ್ಲಿ ಉಳಿಯುತ್ತಿತ್ತೆ ಎಂದು ಕೇಳಿದವರು ಕಡಿಮೆ.

ಇನ್ನು ನೋಡುವವರ ಕಡೆ ತಿರುಗಬೇಕು. ಸಿರಿಯಜ್ಜಿಯ ಪದಕ್ಕೆ ಪ್ರತ್ಯೇಕ ಪ್ರೇಕ್ಷಕರೆಂದು ಇರಲಿಲ್ಲ. ಸೋಬಾನೆಯಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುವರು, ಕೇಳುವವಳೇ ಹಾಡುವವಳು. ಹಾಡುವವರು ಅಲ್ಲಿ, ಕೇಳುವವರು ಇಲ್ಲಿ ಎಂದು ಗೆರೆ ಎಳೆದದ್ದು ಯಂತ್ರ. ಟೂರಿಂಗ್ ಟಾಕೀಸು ಬಂದಾಗ ಎರಡನೆಯ ಗೆರೆಯೂ ಬಂತು: ಡೇರೆಯೊಳಗೆ ಹೆಂಗಸರ ಕಡೆ, ಗಂಡಸರ ಕಡೆ, ನಡುವೆ ಒಂದು ಮೋಟುಗೋಡೆ ಇಲ್ಲವೆ ತಡಿಕೆ. ನೆಲ, ಬೆಂಚು, ಕುರ್ಚಿ ಎಂದು ದುಡ್ಡಿನ ಗೆರೆ ಬೇರೆ. ಹಾಗಿದ್ದೂ ಸಂಜೆಯ ಹೊತ್ತು ಊರ ಹೆಂಗಸರು ಮನೆಯ ಹೊರಗೆ ಮೂರು ಗಂಟೆ ಒಟ್ಟಿಗೆ ಕುಳಿತು ನಗಲು, ಅಳಲು ಒಂದು ನೆವ ಸಿಕ್ಕಿದ್ದು ಅಲ್ಲಿಯೇ.

ಈ ಸೀಮೆಯ ಪ್ರೇಕ್ಷಕರಲ್ಲಿ ಇನ್ನೊಂದು ವಿಶೇಷವಿದೆ. ಆಂಧ್ರದ ಅನಂತಪುರ ಜಿಲ್ಲೆ ಮಗ್ಗುಲಲ್ಲೇ ಇದೆ. ರಾಯದುರ್ಗ ಮೊಳಕಾಲ್ಮುರಿಗೆ ನೆರೆಯೂರು. ಮ್ಯಾಸ ನಾಯಕರು ಮೊದಲಾದವರ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯ ಮಾತು ಕನ್ನಡ. ರಾಜ್‌ಕುಮಾರ್, ಎನ್.ಟಿ. ರಾಮರಾವ್ ಇಬ್ಬರೂ ಇಲ್ಲಿ ಮನೆಯವರೇ. 'ಕನ್ನಡ ಪ್ರೇಕ್ಷಕ' ಎಂಬ ಒಂದೇ ಅಚ್ಚಿನ ವ್ಯಕ್ತಿಯನ್ನು ಕಲ್ಪಿಸಿಕೊಂಡು ಬೆಂಗಳೂರಿನಲ್ಲಿ ನಡೆದ ಡಬ್ಬಿಂಗ್ ವಾದವಿವಾದಗಳಲ್ಲಿ ಇಂಥ ಗಡಿಸೀಮೆಯ ಮನೆಗಳ ಮಾತು ಅಷ್ಟಾಗಿ ಕೇಳಲಿಲ್ಲ. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪೆಂದು 2015ರಲ್ಲಿ ಸ್ಪರ್ಧಾ ಆಯೋಗ ಹೇಳುವವರೆಗೆ ಅದು ಚಿತ್ರೋದ್ಯಮದ ಅಲಿಖಿತ ನಿಷೇಧವಾಗಿಯೇ ಇತ್ತು.

ಟಿ.ವಿ. ಬಂದದ್ದು ಹೀಗೆಯೇ ಮೊದಲು ಊರ ನಡುವೆ, ಆಮೇಲೆ ಮನೆಯ ಒಳಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ; ಚಿತ್ರದುರ್ಗ ಕಾಯಬೇಕಾಯಿತು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಕುರಿತು ಕಲಿಸುವುದೇ ಪ್ರಯೋಗದ ಉದ್ದೇಶ. ಪೆಟ್ಟಿಗೆಯನ್ನು ಇಟ್ಟದ್ದು ಶಾಲೆಯಲ್ಲೋ ಪಂಚಾಯ್ತಿ ಜಾಗದಲ್ಲೋ. ಒಲೆಯ ಮೇಲೆ ಮುದ್ದೆಯ ಎಸರಿಟ್ಟ ಹೆಂಗಸು ಸಂಜೆ ಹೊತ್ತಿನಲ್ಲಿ ಅದನ್ನು ಬಿಟ್ಟು ಅಲ್ಲಿಗೆ ಬಂದು ಕೂರುವುದು ಹೇಗೆ? ತಾಯಿಯ ಆರೋಗ್ಯದ ಕಾರ್ಯಕ್ರಮವನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದವರು ಮಕ್ಕಳು. ಯಾರಿಗೆ ಹೇಳುತ್ತೇವೆ ಎಂಬುದಕ್ಕೂ ಯಾರು ಕೇಳುತ್ತಾರೆ ಎಂಬುದಕ್ಕೂ ನಡುವೆ ಎಷ್ಟು ಅಂತರ!

ಆ ಅಂತರ 1987ರಲ್ಲಿ ಒಮ್ಮೆಗೇ ಕುಗ್ಗಿತು. ಭಾನುವಾರದ 'ರಾಮಾಯಣ'ಕ್ಕೆಂದು ಟಿ.ವಿ. ಇದ್ದ ಮನೆಯ ನಡುಮನೆ ಊರವರಿಂದ ತುಂಬಿತು. ಹಿಂದಿ ಬಾರದವರೂ ಬಂದರು, ಕತೆ ಗೊತ್ತಿತ್ತಲ್ಲ. ತೊಂಬತ್ತರ ದಶಕದಲ್ಲಿ ಉದಯ ಟಿ.ವಿ., ಚಂದನ, 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ 'ಮಾಯಾಮೃಗ'. ಪ್ರೇಕ್ಷಕಿ ಈಗ ಮನೆಯಿಂದ ಹೊರಗೆ ಹೋಗಬೇಕಿಲ್ಲ, ಧಾರಾವಾಹಿಯೇ ಅವಳ ಕೆಲಸದ ವೇಳೆಗೆ ಹೊಂದಿಕೊಂಡು ಬರುತ್ತದೆ. ಅವಳಿಗಾಗಿ ಮಾಡಿದ ಕತೆಯಲ್ಲಿ ಅವಳೇ ನಾಯಕಿ. ಆ ನಾಯಕಿ ಮಾತ್ರ ರಾತ್ರಿಯೂ ರೇಷ್ಮೆ ಸೀರೆಯಲ್ಲಿ ಅತ್ತೆಯ ಸಂಚಿಗೆ ಕಣ್ಣೀರು ಹಾಕುತ್ತಿರುತ್ತಾಳೆ. ನೋಡುವವಳು ಇದನ್ನೆಲ್ಲ ನಂಬುತ್ತಾಳೆಯೆ? ಸೊಸೆಯ ಪೆದ್ದುತನಕ್ಕೆ ಟಿ.ವಿ.ಯ ಮುಂದೆಯೇ ಬೈಯುವ ಅಜ್ಜಿಯನ್ನು ಕಂಡವರು ಹಾಗೆನ್ನಲಾರರು. ಒಂದೇ ಕಾರ್ಯಕ್ರಮವನ್ನು ಒಬ್ಬರು ಒಪ್ಪಿಕೊಂಡು, ಒಬ್ಬರು ಚೌಕಾಶಿ ಮಾಡಿ, ಇನ್ನೊಬ್ಬರು ತಿರುಗಿಬಿದ್ದು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಸ್ಟುಅರ್ಟ್ ಹಾಲ್ 1973ರಲ್ಲಿ ಬರೆದದ್ದನ್ನು ಆ ಅಜ್ಜಿ ಓದದೆಯೇ ಆಚರಿಸುತ್ತಾಳೆ.

ಈ ಅಜ್ಜಿ ಬಹಳ ಕಾಲ ಲೆಕ್ಕಕ್ಕೇ ಇರಲಿಲ್ಲ ಎಂಬುದು ಕತೆಯ ವಿಚಿತ್ರ. ಯಾವ ಧಾರಾವಾಹಿ ಎಷ್ಟು ಜನ ನೋಡಿದರು ಎಂಬ ಟಿ.ಆರ್.ಪಿ. ಅಳತೆಯ ಪೆಟ್ಟಿಗೆಗಳು ಪಟ್ಟಣದ ಮನೆಗಳಲ್ಲಿ ಮಾತ್ರ ಇದ್ದವು. ಹಳ್ಳಿಯ ಮನೆಗಳನ್ನು ಸೇರಿಸಿ ಎಣಿಸಲು ತೊಡಗಿದ್ದು 2015ರಲ್ಲಿ, ಪ್ರಸಾರ ಪ್ರೇಕ್ಷಕರ ಸಂಶೋಧನಾ ಮಂಡಳಿ ಎಂಬ ಹೊಸ ಸಂಸ್ಥೆ ಬಂದ ಮೇಲೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಬಾರ್ಕ್' ಎಂದಾಗುತ್ತದೆ. ಉಳ್ಳಾರ್ತಿ ಕಾವಲಿನಲ್ಲಿ ಜಾಗ ಪಡೆದ ಭಾಭಾ ಕೇಂದ್ರವೂ 'ಬಾರ್ಕ್' ಎಂದೇ ಪ್ರಸಿದ್ಧ. ಒಂದು ಬಾರ್ಕ್ ಊರಿನ ನೆಲವನ್ನು ಅಳೆದ ಕೆಲವೇ ವರ್ಷಕ್ಕೆ ಇನ್ನೊಂದು ಬಾರ್ಕ್ ಹಳ್ಳಿಯವರ ಕಣ್ಣನ್ನು ಅಳೆಯಲು ಬಂತು. ಎರಡಕ್ಕೂ ಸಂಬಂಧವಿಲ್ಲ; ತರಗತಿಯಲ್ಲಿ ನಗು ತರಿಸಲಿಕ್ಕೆ ಸಾಕು.

ಈಗ ತರಗತಿಯಲ್ಲಿ ಕುಳಿತವರದು ಇನ್ನೊಂದೇ ಬಗೆ. ಅವರ ಕೈಯ ಮೊಬೈಲಿನಲ್ಲಿ ಪತ್ರಿಕೆ, ಟಾಕೀಸು, ಟಿ.ವಿ. ಮೂರೂ ಇವೆ, ಜೊತೆಗೆ ಕ್ಯಾಮೆರಾ ಇದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರನ್ನು ತಾವೇ ಚಿತ್ರಿಸಿ ತಾವೇ ಹಂಚುತ್ತಾರೆ. ಟಾಕೀಸು ತಂದಿದ್ದ ಗೆರೆ ಮತ್ತೆ ಮಸುಕಾಗಿದೆ. ಆದರೆ ಹೆಂಗಸರ ಕಡೆ, ಗಂಡಸರ ಕಡೆ ಎಂಬ ತಡಿಕೆ ಹೋಗಿದೆಯೆ? ಎಷ್ಟೋ ಮನೆಗಳಲ್ಲಿ ಮೊಬೈಲು ಅಣ್ಣನದು. ತಂಗಿಗೆ ಅವನು ಕೊಟ್ಟಾಗ, ಕೊಟ್ಟಷ್ಟು ಹೊತ್ತು. ಅವಳು ತನ್ನ ಚಿತ್ರವನ್ನು ಹಾಕಿದರೆ ಊರು ಮಾತಾಡುತ್ತದೆ, ಅವನು ಹಾಕಿದರೆ ಊರು ಮೆಚ್ಚುತ್ತದೆ. ಮಲ್ವಿ ಹೇಳಿದ 'ನೋಟ'ವನ್ನು ತಿಳಿಸಲು ಮೇಷ್ಟರು ಇಲ್ಲಿಂದಲೇ ಶುರುಮಾಡಬಹುದು. ಮಾಡುವುದು ಸುಲಭವಲ್ಲ, ಅಣ್ಣ ತಂಗಿ ಇಬ್ಬರೂ ಒಂದೇ ಕೊಠಡಿಯಲ್ಲಿ ಕುಳಿತಿರುತ್ತಾರೆ, ಹುಡುಗಿಯರ ಬೆಂಚು ಒಂದು ಕಡೆ, ಹುಡುಗರದು ಇನ್ನೊಂದು ಕಡೆ, ನಡುವೆ ಓಡಾಡಲು ಜಾಗ.

ಕಸುಬಿನ ದೃಷ್ಟಿಯಿಂದ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪದವಿ ಮುಗಿಸಿ ಚಾನೆಲ್ಲಿಗೆ ಸೇರುವ ಹುಡುಗಿಗೆ ಕ್ಯಾಮೆರಾ ಹಿಡಿಯುವುದು, ಸುದ್ದಿ ಸಂಕಲನ ಮಾಡುವುದು ಬಂದರೆ ಸಾಲದೆ? ಸಾಲುತ್ತದೆ, ಕೆಲಸ ಸಿಗುವ ಮಟ್ಟಿಗೆ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳನ್ನು ಇಂಥದೇ ಒಂದು ಹಟ್ಟಿಗೆ ಕಳುಹಿಸುತ್ತಾರೆ. ಬೇಲಿಯ ಈಚೆ ನಿಂತು ಅವಳು ಆ ನೆಲವನ್ನು ಏನೆಂದು ಕರೆಯಬೇಕು, ಮೈಕನ್ನು ಮೊದಲು ಯಾರ ಮುಂದೆ ಹಿಡಿಯಬೇಕು ಎಂಬುದನ್ನು ಅಲ್ಲೇ, ಆ ಕ್ಷಣದಲ್ಲೇ ತೀರ್ಮಾನಿಸಬೇಕಾಗುತ್ತದೆ. ಪಂಚಾಯ್ತಿ ಸದಸ್ಯೆಯನ್ನು ಮಾತಾಡಿಸಹೋದರೆ ಅವಳ ಗಂಡ ಮುಂದೆ ಬಂದು ನಿಲ್ಲುವುದು ಎಲ್ಲೆಲ್ಲೂ ಇರುವ ಸಂಗತಿ. ಅವನ ಮಾತನ್ನೇ ಹಿಡಿದು ಹಿಂತಿರುಗಿದರೆ ಸಂಜೆಯ ಸುದ್ದಿಗೆ ವೇಳೆಗೆ ಸರಿಯಾಗಿ ತಲುಪಬಹುದು. ಸದಸ್ಯೆ ಒಳಗಿನಿಂದ ಬರುವವರೆಗೆ ಕಾಯುವುದಾದರೆ ಕೊನೆಯ ಬಸ್ಸು ತಪ್ಪೀತು.